ರೂಮಿನಲ್ಲಿ ಅಡುಗೆ ಶುರುಮಾಡುವ ಮಕ್ಕಳಿಗೆ ನಾಲ್ಕು ಅಡುಗೆಮಾತು

ಶಿವಮೊಗ್ಗದ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮಹಡಿಯ ಎರಡು ಕೋಣೆಗಳನ್ನು ಹದಿನಾಲ್ಕು ವರ್ಷದಿಂದ ಕಾಲೇಜು ಮಕ್ಕಳಿಗೆ ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ಹೋದ ಮಳೆಗಾಲದಲ್ಲಿ ಹಿರಿಯೂರು ಕಡೆಯ ಹುಡುಗನೊಬ್ಬ ಬಾಣಲೆ ಹಿಡಿದುಕೊಂಡು ಕೆಳಗೆ ಬಂದ. "ಆಂಟಿ, ಇದು ಯಾಕೆ ಹಿಂಗಾತು ನೋಡ್ರಿ" ಅಂದ. ಬಾಣಲೆಯ ಅರ್ಧಕ್ಕೆ ಎಣ್ಣೆ, ತಳದಲ್ಲಿ ಕಪ್ಪಾಗಿ ಮುದುರಿದ ದೊಡ್ಡಪತ್ರೆ ಎಲೆಗಳು. ಬೆಳಿಗ್ಗೆ ನಾನೇ ಕುಂಡದಿಂದ ಕಿತ್ತುಕೊಟ್ಟ ಎಲೆ. ಎಲೆ ಅರೆದು ಮಜ್ಜಿಗೆಗೆ ಬೆರೆಸಿ ತಣ್ಣಗೆ ಉಣ್ಣುವ ತಂಬುಳಿ ಮಾಡುವ ಕ್ರಮವನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದೆ, 'ಎಲೆಯನ್ನು ತುಪ್ಪದಲ್ಲಿ ಬಾಡಿಸಿ' ಅಂತ. ಬಾಡಿಸುವುದೆಂದರೆ ಫ್ರೈ ಮಾಡುವುದು ಅಂತ ಅವನ ಗೆಳೆಯ ಹೇಳಿದನಂತೆ. ಫ್ರೈ ಅಂದಮೇಲೆ ಎಣ್ಣೆಯಲ್ಲಿ ಮುಳುಗಿಸಬೇಕಲ್ಲ ಅಂತ ಇವನು ಮುಳುಗಿಸಿದ್ದಾನೆ.

ಆ ಹುಡುಗನ ಮೇಲೆ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಹುರಿಯುವುದು, ಕರಿಯುವುದು, ಬಾಡಿಸುವುದು ಎಂಬ ಮೂರು ಬೇರೆಬೇರೆ ಕೆಲಸಗಳನ್ನು ನಾವು ದೊಡ್ಡವರೇ 'ಫ್ರೈ' ಅನ್ನುವ ಒಂದೇ ಡಬ್ಬಿಗೆ ತುಂಬಿ ಮಕ್ಕಳ ಕೈಗೆ ಕೊಟ್ಟಿದ್ದೇವೆ. ಉರಿ ಎಷ್ಟಿರಬೇಕು, ಎಣ್ಣೆ ಎಷ್ಟು ಬೇಕು, ಯಾವಾಗ ಕೆಳಗಿಳಿಸಬೇಕು ಅನ್ನುವುದೆಲ್ಲ ನಮ್ಮ ಅಡುಗೆಮಾತಿನ ಒಳಗೇ ಇದೆ. ಮಾತು ಗೊತ್ತಿದ್ದರೆ ಕೈ ತಾನಾಗಿ ದಾರಿಗೆ ಬರುತ್ತದೆ. ಅವತ್ತು ರಾತ್ರಿಯೇ ಇದನ್ನು ಬರೆಯಲು ಕೂತೆ.

ಬೆಂಕಿಯ ಮಾತುಗಳು

ಬಾಡಿಸು ಎಂಬುದರಿಂದಲೇ ಶುರುಮಾಡೋಣ. ಮುಡಿದ ಹೂವು ಸಂಜೆಗೆ ಬಾಡುತ್ತದಲ್ಲ, ಅದೇ ಬಾಡು ಇದು. ಸೊಪ್ಪೋ ಈರುಳ್ಳಿಯೋ ಬಿಗುವು ಕಳೆದುಕೊಂಡು ಮೆತ್ತಗಾಗಬೇಕು, ಬಣ್ಣ ಸುಡಬಾರದು. ಒಂದು ಚಮಚ ತುಪ್ಪ ಅಥವಾ ಎಣ್ಣೆ, ಸಣ್ಣ ಉರಿ, ಎಲೆಯಾದರೆ ಒಂದೆರಡು ನಿಮಿಷ, ಅಷ್ಟು ಸಾಕು.

ಹುರಿಯುವುದಕ್ಕೆ ಎಣ್ಣೆ ಬೇಕಿಲ್ಲ, ಹಾಕಿದರೂ ನಾಲ್ಕು ತೊಟ್ಟು. ರವೆ, ಕೊತ್ತಂಬರಿ ಬೀಜ, ಕಡಲೆಕಾಯಿ ಇವೆಲ್ಲ ಹುರಿಯುವ ಪದಾರ್ಥಗಳು. ಕೈ ನಿಲ್ಲಿಸದೆ ಆಡಿಸುತ್ತಿರಬೇಕು. ಹುರಿದದ್ದು ಆಯಿತೆಂದು ಮೊದಲು ಹೇಳುವುದು ಮೂಗು, ಬಣ್ಣ ಆಮೇಲೆ. ಘಮ ಬಂದ ಕೂಡಲೇ ಬೇರೆ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಬಾಣಲೆಯ ಕಾವಿಗೇ ಇನ್ನಷ್ಟು ಹುರಿದು ಸೀದುಹೋಗುತ್ತದೆ. ಜೀರಿಗೆ, ಮೆಂತ್ಯ ಕಹಿಯಾಗುವುದು ಹೆಚ್ಚಾಗಿ ಹೀಗೆಯೇ.

ಕರಿಯುವುದೆಂದರೆ ತುಂಬಿದ ಎಣ್ಣೆಯಲ್ಲಿ ಮುಳುಗಿಸಿ ತೆಗೆಯುವುದು. ಬೋಂಡ, ಪೂರಿ, ಹಪ್ಪಳ. ಇಲ್ಲಿ ಒಂದು ವಿಷಯ ಗಮನಿಸಿ. ನಾವು 'ಎಣ್ಣೆ ಕಾಯಿಸು' ಅನ್ನುತ್ತೇವೆ, 'ಎಣ್ಣೆ ಕುದಿಸು' ಅಂತ ನಮ್ಮ ಅಜ್ಜಿಯಂದಿರು ಯಾರೂ ಹೇಳಿದ್ದಿಲ್ಲ. ಅದು ಸರಿಯಾದ ಮಾತು. ಬೋಂಡ ಬಿಟ್ಟಾಗ ಏಳುವ ಗುಳ್ಳೆಗಳು ಎಣ್ಣೆ ಕುದಿದು ಬಂದವಲ್ಲ, ಹಿಟ್ಟಿನೊಳಗಿನ ನೀರು ಹಬೆಯಾಗಿ ಹೊರಗೆ ನುಗ್ಗುವುದು. ಹಾಗಾಗಿ ಗುಳ್ಳೆ ಕಡಿಮೆಯಾಗಿ ಸದ್ದು ಅಡಗಿತು ಅಂದರೆ ಒಳಗಿನ ನೀರು ಆರಿದೆ, ತೆಗೆಯುವ ಹೊತ್ತಾಗಿದೆ ಅಂತ ಅರ್ಥ. ನಿಮ್ಮ ಕಿವಿಯನ್ನೇ ನಂಬಿ. ಇದೇ ಕಾರಣಕ್ಕೆ ಕಾದ ಎಣ್ಣೆಗೆ ಒದ್ದೆ ಸೌಟು ಹಾಕಬೇಡಿ. ಎಣ್ಣೆಗೆ ಬೆಂಕಿ ಹತ್ತಿಕೊಂಡರಂತೂ ನೀರು ಸುರಿಯಲೇಬಾರದು. ಗ್ಯಾಸ್ ಆರಿಸಿ, ತಟ್ಟೆಯನ್ನೋ ಮುಚ್ಚಳವನ್ನೋ ಮುಚ್ಚಿ, ಬಾಣಲೆಯನ್ನು ಕದಲಿಸದೆ ಬಿಡಿ.

ಕುದಿಸುವುದು ಮತ್ತು ಬೇಯಿಸುವುದು ಒಂದೇ ಅಲ್ಲ. ಕುದಿಯುವುದು ನೀರು, ಬೇಯುವುದು ಕಾಳು ಅಥವಾ ತರಕಾರಿ. ಸಾರು 'ಒಂದು ಕುದಿ ಬರಲಿ' ಅಂದರೆ ಮೇಲೆ ಗುಳ್ಳೆ ಎದ್ದೊಡನೆ ಇಳಿಸಬೇಕು. 'ಚೆನ್ನಾಗಿ ಕುದಿಸು' ಅಂದರೆ ಐದಾರು ನಿಮಿಷ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಹಾಗಾಗಿ ನಮ್ಮಲ್ಲಿ 98 ಡಿಗ್ರಿ ಹತ್ತಿರಕ್ಕೇ ಕುದಿ ಬರುತ್ತದೆ. ಊರು ಎತ್ತರ ಹೋದಷ್ಟೂ ಕುದಿ ಬೇಗ ಬರುತ್ತದೆ, ಬೇಯುವುದು ತಡವಾಗುತ್ತದೆ. ಉರಿ ಜೋರು ಮಾಡಿದರೆ ನೀರು ಬೇಗ ಬತ್ತುತ್ತದೆಯೇ ಹೊರತು ಅದರ ಬಿಸಿ ಹೆಚ್ಚುವುದಿಲ್ಲ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಗ್ಯಾಸ್ ಉಳಿಯುತ್ತದೆ.

ಎಸರು ಅನ್ನುವ ಮಾತನ್ನು ಈಗಿನ ಮಕ್ಕಳು ಕೇಳಿಯೇ ಇಲ್ಲ. ಅನ್ನಕ್ಕೆಂದು ಇಡುವ ನೀರೇ ಎಸರು. ಎಸರು ಮರಳಿದ ಮೇಲೆ ತೊಳೆದ ಅಕ್ಕಿ ಹಾಕಿ, ಬೆಂದ ಮೇಲೆ ಗಂಜಿ ಬಸಿಯುವುದು ನಮ್ಮೂರಿನ ಕ್ರಮ. ಹೊಸನಗರದ ಹತ್ತಿರದ ನಮ್ಮ ತವರಿನಲ್ಲಿ ಬಸಿದ ಗಂಜಿಗೆ ಉಪ್ಪು, ಒಂದು ಹನಿ ತುಪ್ಪ ಹಾಕಿ ಮಕ್ಕಳಿಗೆ ಕೊಡುತ್ತಿದ್ದರು. ಅನ್ನದಿಂದ ತೆಗೆದದ್ದು ಗಂಜಿ, ಬೆಂದ ಬೇಳೆಯಿಂದ ಬಸಿದದ್ದು ಕಟ್ಟು. ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಆಗುವುದು ಆ ನೀರಿನಿಂದಲೇ.

ಒಂದು ಮಾತು ಚೀಟಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ: ಹುಳಿ ಯಾವತ್ತೂ ಬೆಂದ ಮೇಲೆ. ಹುಣಸೆಹಣ್ಣು, ಟೊಮೆಟೊ ಮೊದಲೇ ಬಿದ್ದರೆ ಬೇಳೆ, ಆಲೂಗಡ್ಡೆ ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಉಳಿಯುತ್ತವೆ. ತರಕಾರಿಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭಕ್ಕೆ ಕರಗುವುದಿಲ್ಲ. 'ಬೇಳೆ ಹಳೆಯದು, ಅಂಗಡಿಯವನು ಮೋಸ ಮಾಡಿದ' ಅಂತ ಬರುವ ಮಕ್ಕಳನ್ನು ನಾನು ಮೊದಲು ಕೇಳುವುದೇ ಟೊಮೆಟೊ ಯಾವಾಗ ಹಾಕಿದಿರಿ ಅಂತ.

ತಳ ಹಿಡಿದರೆ ಕೆರೆಯಬೇಡಿ. ಮೇಲಿನದನ್ನು ಮೆಲ್ಲಗೆ ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಳ್ಳಿ. ಸೌಟು ತಳಕ್ಕೆ ಮುಟ್ಟಿಸಿದಿರೋ, ಸೀದ ವಾಸನೆ ಇಡೀ ಪಾತ್ರೆಗೆ ಹಬ್ಬುತ್ತದೆ.

ಒಗ್ಗರಣೆ

ಇದಕ್ಕೊಂದು ಕ್ರಮವಿದೆ, ಕ್ರಮಕ್ಕೆ ಕಾರಣವೂ ಇದೆ. ಎಣ್ಣೆ ಕಾದಿದೆಯಾ ಅಂತ ನೋಡಲು ಒಂದೇ ಒಂದು ಸಾಸಿವೆ ಕಾಳು ಹಾಕಿ. ಚಟ್ ಅಂದರೆ ಉಳಿದದ್ದನ್ನು ಹಾಕಿ. ಕಾಳಿನೊಳಗಿನ ತೇವ ಹಬೆಯಾಗಿ ಸಿಪ್ಪೆ ಒಡೆದುಕೊಂಡು ಬರುವ ಸದ್ದು ಅದು. ಸಾಸಿವೆ ಸಿಡಿಯುತ್ತಿರುವಾಗ ಉದ್ದಿನಬೇಳೆ, ಅದು ಹೊಂಬಣ್ಣಕ್ಕೆ ತಿರುಗುವಾಗ ಒಣಮೆಣಸು, ಆಮೇಲೆ ಕರಿಬೇವು, ಕೊನೆಗೆ ಚಿಟಿಕೆ ಇಂಗು. ಬೇಗ ಸೀಯುವುದು ಕೊನೆಗೆ ಬೀಳಬೇಕು, ಅಷ್ಟೇ ಲೆಕ್ಕ.

ಸಾಸಿವೆಯ ಇನ್ನೊಂದು ಮುಖ ನೋಡಬೇಕಾದರೆ ಮಲೆನಾಡಿನ 'ಸಾಸಿವೆ' ಎಂಬ ಅಡುಗೆಯನ್ನು ಉಣ್ಣಬೇಕು. ಮಾವಿನಹಣ್ಣಿಗೋ ಸೌತೆಕಾಯಿಗೋ ಕಾಯಿತುರಿ, ಹಸಿ ಸಾಸಿವೆ ಅರೆದು ಹಾಕುತ್ತಾರೆ. ಅದು ಮೂಗಿಗೆ ಏರುತ್ತದೆ. ಒಗ್ಗರಣೆಯ ಸಾಸಿವೆ ಹಾಗೆ ಏರುವುದಿಲ್ಲ. ಇಡೀ ಕಾಳಿನಲ್ಲಿ ಆ ಘಾಟು ಇರುವುದೇ ಇಲ್ಲ. ಅರೆದು ನೀರು ತಾಗಿದಾಗ ಕಾಳಿನೊಳಗಿನ ಎರಡು ಅಂಶಗಳು ಒಂದಕ್ಕೊಂದು ಸೇರಿ ಅಲ್ಲಿಯೇ ಹುಟ್ಟುತ್ತದೆ. ಕಾದ ಎಣ್ಣೆಗೆ ಬಿದ್ದ ಕಾಳಿನಲ್ಲಿ ಆ ಕೆಲಸ ಮಾಡುವ ಕಿಣ್ವ ಸತ್ತುಹೋಗಿರುತ್ತದೆ. ಬೆಳ್ಳುಳ್ಳಿಯದೂ ಇದೇ ಕತೆ. ಇಡಿಯಾಗಿ ಹಾಕಿದರೆ ಸಾಧು, ಜಜ್ಜಿದರೆ ಘಾಟು.

ಇಂಗು ನಮ್ಮೂರಿನ ಬೆಳೆಯಲ್ಲ. ಅಫ್ಘಾನಿಸ್ತಾನ, ಇರಾನ್ ಕಡೆ ಬೆಳೆಯುವ ಒಂದು ಗಿಡದ ಬೇರಿನಿಂದ ಒಸರುವ ಅಂಟು. ನಮ್ಮ ದೇಶದಲ್ಲಿ ಅದನ್ನು ಬೆಳೆಸುವ ಪ್ರಯತ್ನವಾಗಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರಲ್ಲಿ. ಅಂಗಡಿಯ ಡಬ್ಬಿಯಲ್ಲಿ ಬರುವುದು ಹಿಟ್ಟು, ಗೋಂದು ಬೆರೆಸಿದ ಇಂಗು. ಗೋಧಿ ಒಗ್ಗದವರು ಡಬ್ಬಿಯ ಹಿಂದಿನ ಪಟ್ಟಿ ಓದಿ ಕೊಳ್ಳಿ.

ಹೆಚ್ಚುವುದು, ಅರೆಯುವುದು

ಹೆಚ್ಚು ಅಂದರೆ ಒಂದೇ ಅಳತೆಯ ಹೋಳು, ಎಲ್ಲವೂ ಒಟ್ಟಿಗೆ ಬೇಯಲಿ ಅಂತ. ಕೊಚ್ಚು ಅಂದರೆ ಸಣ್ಣಗೆ, ಅಳತೆ ನೋಡದೆ. ಹಸಿಮೆಣಸನ್ನು ಸೀಳುತ್ತೇವೆ, ಶುಂಠಿಯನ್ನು ಜಜ್ಜುತ್ತೇವೆ, ನೆನೆದ ಹುಣಸೆಹಣ್ಣನ್ನು ಕಿವುಚುತ್ತೇವೆ. ಒರಳಿನಲ್ಲಿ ನೀರು ಸೇರಿಸಿ ರುಬ್ಬುವುದು, ಬೀಸುಕಲ್ಲಿನಲ್ಲಿ ಒಣಗಿದ್ದನ್ನು ಬೀಸುವುದು, ಒನಕೆಯಿಂದ ಕುಟ್ಟುವುದು. ಈಗ ಮೂರಕ್ಕೂ ಮಿಕ್ಸಿ ಒಂದೇ. ಆದರೂ ಮಾತು ತಿಳಿದಿರಲಿ. 'ತರಿತರಿಯಾಗಿ' ಅಂದಾಗ ಗುಂಡಿಯನ್ನು ತಟ್ಟಿ ತಟ್ಟಿ ಬಿಡಬೇಕು, 'ನುಣ್ಣಗೆ' ಅಂದಾಗ ನೀರು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ತಿರುಗಿಸಬೇಕು. ಬಿಸಿ ಬೇಳೆ, ಬಿಸಿ ಸಾರನ್ನು ಮಿಕ್ಸಿ ಜಾರಿಗೆ ತುಂಬಬೇಡಿ. ಹಬೆ ಮುಚ್ಚಳವನ್ನು ಹಾರಿಸಿ ಮುಖಕ್ಕೆ ಎರಚುತ್ತದೆ. ಆರಲಿ, ಆಮೇಲೆ.

ಈರುಳ್ಳಿ ಕಣ್ಣೀರು ತರಿಸುವುದು ಕತ್ತಿ ಮೊಂಡಾಗಿದ್ದಾಗ ಹೆಚ್ಚು. ಮೊಂಡು ಕತ್ತಿ ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದಷ್ಟೂ ಕಣ್ಣು ಉರಿಸುವ ಅನಿಲ ಹೊರಬರುತ್ತದೆ.

ಏನೇನು ಕೊಳ್ಳಬೇಕು

ಗಾಂಧಿ ಬಜಾರಿಗೆ ಹೋಗಿ ಕಣ್ಣಿಗೆ ಕಂಡದ್ದನ್ನೆಲ್ಲ ತರಬೇಡಿ. ಇಬ್ಬರಿಗೆ ಮೂರು ಲೀಟರಿನ ಕುಕ್ಕರ್, ಒಂದು ಕಬ್ಬಿಣದ ಕಾವಲಿ, ದಪ್ಪ ತಳದ ಬಾಣಲೆ, ಎರಡು ತಪ್ಪಲೆ, ಸೌಟು, ಸಟ್ಟುಗ, ಮರದ ಹುಟ್ಟು, ಇಕ್ಕಳ, ಒಂದು ಒಳ್ಳೆಯ ಚಾಕು, ಮಸಿಬಟ್ಟೆ ಎರಡು. ಮಸಿಬಟ್ಟೆ ಒಣಗಿರಲಿ, ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿದರೆ ಕೈ ಸುಡುತ್ತದೆ. ತೆಂಗಿನಕಾಯಿ ಇಲ್ಲದೆ ಮಲೆನಾಡಿನ ಅಡುಗೆ ಇಲ್ಲ, ಹಾಗಾಗಿ ಒಂದು ತುರಿಮಣೆಯೂ ಇರಲಿ. ನನ್ನ ಬಳಿ ಅಮ್ಮನ ಮೆಟ್ಟುಗತ್ತಿ ಇದೆ. ನೆಲದ ಮೇಲೆ ಕೂತು ಕಾಲಲ್ಲಿ ಅದುಮಿ ಹಿಡಿದರೆ ಎರಡೂ ಕೈ ಖಾಲಿ, ಹಲಸಿನಕಾಯಿಯನ್ನೂ ಕೊಯ್ಯಬಹುದು. ಹಲಸು ಮುಟ್ಟುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಅದರ ಮೇಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ.

ಹೊಸ ಕಬ್ಬಿಣದ ಕಾವಲಿಯನ್ನು ಪಳಗಿಸಬೇಕು. ತೊಳೆದು ಒಣಗಿಸಿ, ಬಿಸಿ ಮಾಡಿ, ತೆಳ್ಳಗೆ ಎಣ್ಣೆ ಸವರಿ, ಹೊಗೆಯಾಡುವ ತನಕ ಕಾಯಿಸಿ ಆರಲು ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ಕರಿ ಹೊದಿಕೆಯಂತೆ ಕೂರುತ್ತದೆ. ದೋಸೆ ಏಳುವುದು ಆ ಹೊದಿಕೆಯಿಂದ. ತಂತಿ ಬ್ರಷ್ಷಿನಿಂದ ತಿಕ್ಕಿ ಅದನ್ನು ಕಳೆಯಬೇಡಿ.

ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಬಾರದು, ಲೋಹ ಹುಳಿಗೆ ಕರಗುತ್ತದೆ. ಊರಿನಲ್ಲಿ ಅಪ್ಪೆಹುಳಿ, ಗೊಜ್ಜು ಇಡಲು ಕಲ್ಲಿನ ಮರಿಗೆ ಇರುತ್ತಿತ್ತು. ನೀವು ಸ್ಟೀಲು ಅಥವಾ ಗಾಜು ಬಳಸಿ.

ಅಳತೆಯಲ್ಲಿ ಪಾವು ಅಂದರೆ ಕಾಲು ಸೇರು, ಚಟಾಕು ಅಂದರೆ ಕಾಲು ಪಾವು. ಒಂದು ಪಾವು ಅಕ್ಕಿ ಇಬ್ಬರಿಗೆ ಧಾರಾಳ. ಪಾವು ಇಲ್ಲವೆಂದರೆ ಯಾವುದೋ ಒಂದು ಲೋಟವನ್ನು ಅಳತೆಗೆಂದು ಗೊತ್ತುಮಾಡಿ, ಅಕ್ಕಿಗೂ ನೀರಿಗೂ ಅದನ್ನೇ ಬಳಸಿ. ಹೊಸ ಅಕ್ಕಿಗೆ ಒಂದಕ್ಕೆರಡು ನೀರು, ಹಳೆ ಅಕ್ಕಿಗೆ ಎರಡೂವರೆ. ಅಡುಗೆ ಪುಸ್ತಕದ ಟೀ ಚಮಚ 5 ಮಿಲಿಲೀಟರ್, ಟೇಬಲ್ ಚಮಚ 15.

ಕುಕ್ಕರ್, ಗ್ಯಾಸ್

ಕುಕ್ಕರಿನೊಳಗೆ ಒತ್ತಡ ಏರಿದಾಗ ನೀರು ಸುಮಾರು 120 ಡಿಗ್ರಿವರೆಗೂ ಕಾಯುತ್ತದೆ, ಅದಕ್ಕೇ ಬೇಗ ಬೇಯುವುದು. ಸೀಟಿ ಅನ್ನುವುದು ಹೆಚ್ಚಾದ ಹಬೆ ಹೊರಹೋಗುವ ಸದ್ದು ಅಷ್ಟೇ, ಅದು ಗಡಿಯಾರವಲ್ಲ. ಜೋರು ಉರಿಯಲ್ಲಿ ಮೂರು ಸೀಟಿ ಐದು ನಿಮಿಷಕ್ಕೆ ಬರಬಹುದು, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಹಿಡಿಯಬಹುದು. ಮೊದಲ ಸೀಟಿ ಬಂದ ಮೇಲೆ ಉರಿ ತಗ್ಗಿಸಿ ನಿಮಿಷ ಎಣಿಸುವುದು ನನ್ನ ಪದ್ಧತಿ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಬೇಳೆ, ಕಾಳು ನೊರೆ ಬರುವುದರಿಂದ ಅವಕ್ಕೆ ಅರ್ಧವೇ ಮಿತಿ. ಪ್ರತಿ ಸಲ ಮುಚ್ಚುವ ಮೊದಲು ಸೀಟಿ ಕೂರುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬೆಳಕು ಕಾಣಬೇಕು. ಒತ್ತಡ ತಾನಾಗಿ ಇಳಿಯುವ ಮುನ್ನ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಹಾಗೆ ಅವಸರಪಟ್ಟ ಒಬ್ಬ ಹುಡುಗನ ಬೇಳೆ ಚಿಮ್ಮಿ ಮಹಡಿಯ ಗೋಡೆಯ ಮೇಲೆ ಇನ್ನೂ ಹಳದಿ ಕಲೆ ಇದೆ. ಹುಡುಗನಿಗೆ ಏನೂ ಆಗಲಿಲ್ಲ, ಪುಣ್ಯ.

ರಾಜ್ಮಾವನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲೇ ಬೇಯಿಸಿ. ಅರೆಬೆಂದ ರಾಜ್ಮಾದಲ್ಲಿ ವಾಂತಿ ಭೇದಿ ತರಿಸುವ ವಿಷಾಂಶ ಉಳಿದಿರುತ್ತದೆ.

ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ದು ತಿಳಿಯಲಿ ಅಂತ ಕೆಟ್ಟ ವಾಸನೆಯ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಗ್ಯಾಸು ಗಾಳಿಗಿಂತ ಭಾರ, ನೆಲಕ್ಕೆ ಇಳಿದು ನಿಲ್ಲುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ಲೈಟು, ಫ್ಯಾನಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಸಿಲಿಂಡರಿನ ಹಿಡಿಕೆಯ ಪಟ್ಟಿಯ ಒಳಗೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಉಳಿದ ಮೂರು ತಿಂಗಳು. ಅಂಕಿ ವರ್ಷವನ್ನು ಹೇಳುತ್ತದೆ. ಆ ಅವಧಿಗೆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ದಾಟಿದ್ದರೆ ತೆಗೆದುಕೊಳ್ಳದೆ ವಾಪಸು ಕಳಿಸಿ.

ಮಲೆನಾಡಿಗೆ ಹೊಸಬರಾದರೆ

ಮಳೆಗಾಲದಲ್ಲಿ ಮಾರುಕಟ್ಟೆಗೆ ಕಳಲೆ ಬರುತ್ತದೆ, ಎಳೆ ಬಿದಿರಿನ ಮೊಳಕೆ. ಹಸಿಯದನ್ನು ಹಾಗೆಯೇ ಪಲ್ಯ ಮಾಡಬಾರದು. ಸಯನೈಡ್ ಹುಟ್ಟಿಸುವ ಅಂಶ ಅದರಲ್ಲಿದೆ. ಹೆಚ್ಚಿ ನೀರಿನಲ್ಲಿ ಹಾಕಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಮೂರು ದಿನ ಬಿಟ್ಟು, ಚೆನ್ನಾಗಿ ಬೇಯಿಸಿ ಬಳಸುವುದು ನಮ್ಮ ಹಿರಿಯರ ಕ್ರಮ. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿವೆ, ಗಂಟಲು ಕೆರೆಯುವುದು ಅದರಿಂದ. ಆ ಎಲೆಗೆ ಹಿಟ್ಟು ಸವರಿ ಬೇಯಿಸುವ ಪತ್ರೊಡೆಗೆ ಹುಣಸೆಹಣ್ಣೋ ವಾಟೆಹುಳಿಯೋ ಧಾರಾಳವಾಗಿ ಹಾಕಿ, ಪೂರ್ತಿ ಬೇಯಿಸಿ. ಇಲ್ಲಿ ಕೈ ಹಿಡಿಯಬೇಡಿ.

ದೋಸೆ ಹಿಟ್ಟು ಮಳೆಗಾಲದ ಥಂಡಿಗೆ ಹುದುಗು ಬರಲು ತಡ ಮಾಡುತ್ತದೆ. ಅಡುಗೆ ಮುಗಿಸಿ ಬೆಚ್ಚಗಿರುವ ಒಲೆಯ ಪಕ್ಕ, ದಪ್ಪ ಟವೆಲ್ ಸುತ್ತಿ ಇಡಿ. ಹುದುಗಿನ ಗಾಳಿಯನ್ನು ಹಿಟ್ಟಿನಲ್ಲಿ ಹಿಡಿದಿಡುವುದು ಉದ್ದಿನ ಲೋಳೆ, ಹಾಗಾಗಿ ಉದ್ದಿನಬೇಳೆಯಲ್ಲಿ ಜಿಪುಣತನ ಬೇಡ. ಅಕ್ಕಿ ರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಉಕ್ಕರಿಸುವುದು ಏಕೆಂದರೆ, ಗೋಧಿಯಲ್ಲಿರುವ ಜಿಗುಟು ಅಕ್ಕಿಯಲ್ಲಿ ಇಲ್ಲ. ಬಿಸಿನೀರಿಗೆ ಪಿಷ್ಟ ಬೆಂದು ಅಂಟಾದ ಮೇಲೆಯೇ ರೊಟ್ಟಿ ಒಡೆಯದೆ ಬರುತ್ತದೆ.

ಇನ್ನು ಮೆಣಸು. ಕೆಂಪು ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು. ಅದಕ್ಕೆ ಮುಂಚೆ ಖಾರ ಅಂದರೆ ನಮ್ಮ ಅಡಿಕೆ ತೋಟದ ಮರಗಳಿಗೆ ಹಬ್ಬುವ ಕಾಳುಮೆಣಸು. ಬಂದ ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಇಟ್ಟೆವು. ಜೋಗದಲ್ಲಿ ಧುಮುಕಿದ ಶರಾವತಿ ಮುಂದೆ ಹರಿಯುವ ಗೇರುಸೊಪ್ಪೆಯನ್ನು 16ನೇ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ನಾಲಿಗೆಗೆ ಮೆಣಸಿನಕಾಯಿ ಖಾರ ಹತ್ತಿದರೆ ನೀರು ಕುಡಿಯಬೇಡಿ, ಮೊಸರು ತಿನ್ನಿ. ಆ ಖಾರ ನೀರಿನಲ್ಲಿ ಕರಗುವಂಥದ್ದಲ್ಲ.

ಉಳಿದ ಅನ್ನವನ್ನು ರಾತ್ರಿಯಿಡೀ ಕುಕ್ಕರಿನಲ್ಲೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ಅಭ್ಯಾಸ ರೂಮುಗಳಲ್ಲಿ ಹೆಚ್ಚು. ಬೇಯಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾದ ಬೀಜಾಣು ಅಕ್ಕಿಯಲ್ಲಿರುತ್ತದೆ. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅನ್ನವನ್ನು ತಟ್ಟೆಯಲ್ಲಿ ಹರವಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಅಳತೆಗೆ ತಕ್ಕಷ್ಟೇ ಮಾಡಿ.

ಈಗ ಅದೇ ತಂಬುಳಿ, ಹಿರಿಯೂರಿನ ಹುಡುಗನಿಗೆ ಎರಡನೇ ಸಲ ಬರೆದುಕೊಟ್ಟಂತೆ. ಹತ್ತು ಹದಿನೈದು ದೊಡ್ಡಪತ್ರೆ ಎಲೆ ತೊಳೆದು ನೀರು ಒರೆಸಿ. ಒಂದು ಚಮಚ ತುಪ್ಪ ಕಾಯಿಸಿ, ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸನ್ನು ಘಮ ಬರುವಷ್ಟು ಹುರಿದು, ಎಲೆ ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ. ಆರಿದ ಮೇಲೆ ಒಂದು ಹಿಡಿ ಕಾಯಿತುರಿಯ ಜೊತೆ ನುಣ್ಣಗೆ ಅರೆಯಿರಿ. ಎರಡು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಮತ್ತೆ ಒಲೆಯ ಮೇಲೆ ಇಡಬೇಡಿ, ಮಜ್ಜಿಗೆ ಒಡೆಯುತ್ತದೆ. ಬಿಸಿ ಅನ್ನಕ್ಕೆ ತಂಬುಳಿ ತಣ್ಣಗೇ ಬೀಳಬೇಕು.